‘ಅಂತೆ’ ಎಲ್ಲಿ ಉದುರಿಹೋಯಿತು?

(ಬಸವನಗುಡಿಯಲ್ಲಿ ಪ್ರೌಢಶಾಲಾ ಶಿಕ್ಷಕರ ಒಂದು ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಕೆಲವು ಇಸವಿಗಳನ್ನು ಸೇರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಉಳಿಸಿಕೊಂಡಿದ್ದೇನೆ.)

ಶಿಕ್ಷಕ ಮಿತ್ರರೇ,

ಮಳೆಗಾಲದ ಒಂದು ಬೆಳಿಗ್ಗೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಡವಾಗಿ ಓಡಿಬಂದು ಬಾಗಿಲಲ್ಲಿ ನಿಂತಳು. ಕೊಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. “ಮಿಸ್, ಸರ್ಕಲ್ ಹತ್ತಿರ ದೊಡ್ಡ ಮರ ಬಿದ್ದಿದೆಯಂತೆ. ಬಸ್ಸುಗಳೆಲ್ಲ ಸಾಲಾಗಿ ನಿಂತಿವೆ. ಇವತ್ತು ಅರ್ಧ ಕ್ಲಾಸು ಬರುವುದಿಲ್ಲ ಅನಿಸುತ್ತದೆ” ಎಂದಳು. ಒಳಗೆ ಬಾ ಎಂದೆ, ಹಾಜರಿ ಹಾಕಿದೆ, ಪಾಠ ಮುಂದುವರಿಸಿದೆ. ಆ ಮೂರು ವಾಕ್ಯಗಳಲ್ಲಿ ಏನೇನಿತ್ತು ಎಂಬುದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

ಮರ ಬಿದ್ದದ್ದನ್ನು ಅವಳು ಕಂಡಿರಲಿಲ್ಲ, ಕೇಳಿದ್ದಳು. ಅದಕ್ಕೆ ‘ಅಂತೆ’. ಬಸ್ಸು ನಿಂತಿದ್ದನ್ನು ಕಣ್ಣಾರೆ ಕಂಡಿದ್ದಳು. ಅದಕ್ಕೆ ಯಾವ ಬಾಲವೂ ಇಲ್ಲ, ನೇರವಾಗಿ ‘ನಿಂತಿವೆ’. ಅರ್ಧ ತರಗತಿ ಬರುವುದಿಲ್ಲ ಎಂಬುದು ಅವಳ ಊಹೆ. ಅದಕ್ಕೆ ‘ಅನಿಸುತ್ತದೆ’. ಕೇಳಿದ್ದು, ಕಂಡದ್ದು, ಅನಿಸಿದ್ದು ಒಂದಕ್ಕೊಂದು ಬೆರೆಯದಂತೆ ಒಂದೇ ಉಸಿರಿನಲ್ಲಿ ಬೇರ್ಪಡಿಸಿ ಹೇಳಿದ್ದಳು. ಇದನ್ನು ನಾನಾಗಲಿ ನೀವಾಗಲಿ ಅವಳಿಗೆ ಕಲಿಸಿರಲಿಲ್ಲ. ಮಾತು ಕಲಿಯುವಾಗಲೇ ಕನ್ನಡ ಅವಳ ಬಾಯಿಗೆ ಅದನ್ನು ಹಾಕಿಕೊಟ್ಟಿತ್ತು. ‘ಬಿದ್ದಿರಬೇಕು’, ‘ಬಿದ್ದಿರಬಹುದು’, ‘ಬಿದ್ದೀತು’ ಎಂಬ ಮೂರಕ್ಕೂ ನಡುವೆ ಇರುವ ಅಂತರ ನಮ್ಮ ಮಕ್ಕಳಿಗೆ ಗೊತ್ತು. ನಾವು ‘ಬಿದ್ದೀತು’ ಎಂಬುದಕ್ಕೆ ಸಂಭಾವನಾರ್ಥಕ ಎಂಬ ಹೆಸರು ಬರೆಸಿ, ಐದು ಉದಾಹರಣೆ ಕೊಟ್ಟು, ಮುಂದಿನ ಪಾಠಕ್ಕೆ ಹೋಗಿಬಿಡುತ್ತೇವೆ.

ಅದೇ ಹುಡುಗಿ ಮರುದಿನ ‘ಮಳೆಗಾಲದ ಒಂದು ದಿನ’ ಎಂಬ ಪ್ರಬಂಧದಲ್ಲಿ ಮರ ಬಿದ್ದಿತ್ತಂತೆ ಎಂದೇ ಬರೆದಳು. ನಾನು ಕೆಂಪು ಶಾಯಿಯಲ್ಲಿ ‘ಅಂತೆ’ಯನ್ನು ಹೊಡೆದುಹಾಕಿ, ಅಂಚಿನಲ್ಲಿ ‘ಬರವಣಿಗೆಯಲ್ಲಿ ಆಡುಮಾತು ಬೇಡ’ ಎಂದು ಬರೆದೆ. ಅವಳು ತಿದ್ದಿಕೊಂಡಳು. ಈಗ ಅವಳ ಪ್ರಬಂಧದಲ್ಲಿ ಮರ ಖಂಡಿತವಾಗಿ ಬಿದ್ದಿತ್ತು, ಅವಳೇ ನಿಂತು ನೋಡಿದ ಹಾಗೆ. ಮೂವತ್ತು ವರ್ಷ ಕನ್ನಡ ಕಲಿಸಿದ ನಾನು ಇಂಥ ಎಷ್ಟು ‘ಅಂತೆ’ಗಳನ್ನು ಹೊಡೆದುಹಾಕಿದ್ದೇನೋ ಲೆಕ್ಕವಿಲ್ಲ. ಇವತ್ತಿನ ನನ್ನ ಮಾತೆಲ್ಲ ಆ ಕೆಂಪು ಗೆರೆಯ ಪ್ರಾಯಶ್ಚಿತ್ತ ಎಂದು ತಿಳಿಯಿರಿ.

‘ಅಂತೆ-ಕಂತೆಗಳ ಸಂತೆ’ ಎಂದು ಹೀಗಳೆಯುವುದು ನಮಗೆ ರೂಢಿ. ಆದರೆ ‘ಅಂತೆ’ ಬಹಳ ಪ್ರಾಮಾಣಿಕವಾದ ಪದ. ಹಾಗೆಂದವನು, ಈ ಮಾತಿಗೆ ನಾನು ಸಾಕ್ಷಿಯಲ್ಲ, ಬೇರೆಯವರಿಂದ ಕೇಳಿದೆ ಎಂದು ಮೊದಲೇ ಒಪ್ಪಿಕೊಳ್ಳುತ್ತಾನೆ. ಹಳಗನ್ನಡದ ‘ಗಡ’ ಕೂಡ ಹಲವು ಕಡೆ ಇದೇ ಕೆಲಸ ಮಾಡುತ್ತದೆ. ‘ಅಂತೆ’ ಎಂದವನನ್ನು “ಯಾರು ಹೇಳಿದ್ದು?” ಎಂದು ಕೇಳಬಹುದು. ಪತ್ರಿಕೆಗಳ ‘ಎನ್ನಲಾಗಿದೆ’, ‘ತಿಳಿದುಬಂದಿದೆ’ಗಳನ್ನು ನೋಡಿ: ಯಾರು ಎಂದರು, ಯಾರಿಗೆ ತಿಳಿದುಬಂತು? ಕೇಳಲು ಅಲ್ಲಿ ಯಾರೂ ಸಿಗುವುದಿಲ್ಲ. ಶಿಷ್ಟ ಬರವಣಿಗೆ ಎಂದು ನಾವು ಮಕ್ಕಳಿಗೆ ಕೊಟ್ಟದ್ದು ಈ ಅನಾಥ ಕ್ರಿಯಾಪದಗಳನ್ನು.

ಬಾಲ ಉದುರಿದ ಮಾತು ಏನು ಮಾಡಬಲ್ಲದು ಎಂಬುದನ್ನು ಈ ಊರು ಕಂಡಿದೆ. ತೊಂಬತ್ತರ ದಶಕದಲ್ಲಿ ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವದ ಸುದ್ದಿ ಹಬ್ಬಿ, ಮನೆಮನೆಯ ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅದರಿಂದ ಯಾರ ಪ್ರಾಣವೂ ಹೋಗಲಿಲ್ಲ ಎಂದು ನಾವು ನಕ್ಕು ಮರೆತೆವು. 2012ರ ಆಗಸ್ಟ್ ಹಾಗಿರಲಿಲ್ಲ. ಈಶಾನ್ಯ ರಾಜ್ಯಗಳಿಂದ ಬಂದು ಇಲ್ಲಿ ದುಡಿಯುತ್ತಿದ್ದ, ಓದುತ್ತಿದ್ದ ಸಾವಿರಾರು ಮಂದಿ, ದಾಳಿ ನಡೆಯಲಿದೆ ಎಂಬ ಸಂದೇಶಗಳನ್ನು ಕಂಡು, ಸಿಕ್ಕ ಚೀಲ ಹಿಡಿದುಕೊಂಡು ಸಿಟಿ ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಒಬ್ಬೊಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸದಂತೆ ಕೇಂದ್ರ ಸರ್ಕಾರ ಕೆಲವು ದಿನ ತಡೆ ಹಾಕಬೇಕಾಯಿತು.

ಇನ್ನು 2018ರ ಮೇ 23. ಚಾಮರಾಜಪೇಟೆ. ಇಲ್ಲಿಂದ ನಡೆದುಕೊಂಡೇ ಹೋಗಬಹುದಾದ ಜಾಗ. ರಾಜಸ್ಥಾನದಿಂದ ಬಂದಿದ್ದ 26 ವರ್ಷದ ಯುವಕನೊಬ್ಬನನ್ನು ಮಕ್ಕಳ ಕಳ್ಳ ಎಂದು ಜನ ಹಿಡಿದು, ಕಟ್ಟಿ, ಬೀದಿಯಲ್ಲಿ ಎಳೆದು ಹೊಡೆದರು. ಅವನು ಸತ್ತ. ಅವನು ಯಾವ ಮಗುವನ್ನೂ ಕದ್ದಿರಲಿಲ್ಲ.

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ವಾರ ನಾನು ಹತ್ತನೆಯ ತರಗತಿಯಲ್ಲಿ ಕೇಳಿದೆ: ಮಕ್ಕಳ ಕಳ್ಳರ ಸಂದೇಶ ಎಷ್ಟು ಜನರ ಮನೆಗೆ ಬಂದಿತ್ತು? ಹೆಚ್ಚುಕಡಿಮೆ ಎಲ್ಲ ಕೈಗಳೂ ಮೇಲೆದ್ದವು. ಯಾರು ಕಳಿಸಿದ್ದು? ಮಾವ, ಓಣಿಯ ಗುಂಪು, ಅಕ್ಕನ ಸ್ನೇಹಿತೆ, ಅಪ್ಪನ ಅಂಗಡಿಗೆ ಸರಕು ಹಾಕುವವರು. ಅವರಿಗೆ ಯಾರು ಕಳಿಸಿದ್ದು? ತರಗತಿ ಸುಮ್ಮನಾಯಿತು. ಯಾರಾದರೂ ಕಂಡಿದ್ದಾರೆಯೇ? ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ನಾನು ವಿಡಿಯೊದಲ್ಲಿ ಕಂಡೆ ಮಿಸ್, ಬೈಕಿನಲ್ಲಿ ಬಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ” ಎಂದ. ಆ ದಿನಗಳಲ್ಲಿ ಹೆಚ್ಚು ಹರಿದಾಡಿದ ತುಣುಕುಗಳಲ್ಲಿ ಅದೂ ಒಂದು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರ ಮೂಡಿಸಲು ನಟಿಸಿ ತೆಗೆದ ಚಿತ್ರ. ಮೂಲದಲ್ಲಿ ಬೈಕಿನವರು ಮಗುವನ್ನು ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಅಲ್ಲೂ ಬಾಲವನ್ನೇ ಕತ್ತರಿಸಿದ್ದು, ನೋಡಿ. ಇದನ್ನು ಹೇಳಿದಾಗ ಆ ಹುಡುಗ ಕೂರಲೇ ಇಲ್ಲ. ನಿಂತೇ ಇದ್ದ. “ನಾನೂ ಆರು ಜನಕ್ಕೆ ಕಳಿಸಿದ್ದೆ ಮಿಸ್” ಎಂದ. ಅದೇ ಜುಲೈನಲ್ಲಿ ವಾಟ್ಸ್‌ಆ್ಯಪ್ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ರವಾನಿಸಬಹುದು ಎಂಬ ಮಿತಿ ಹಾಕಿತು. ಸಂಖ್ಯೆಗೆ ಮಿತಿ ಹಾಕುವುದು ಅವರ ಕೈಯಲ್ಲಿದೆ. ಕಳಿಸುವ ಮುನ್ನ ಬೆರಳು ಒಂದು ಕ್ಷಣ ತಡೆಯುವಂತೆ ಮಾಡುವುದು ನಮ್ಮ ಕೆಲಸ.

ಆ ಕೆಲಸಕ್ಕೆಂದು ನಮಗೆ ಒಂದು ಅಭ್ಯಾಸ ಕೊಟ್ಟಿದ್ದಾರೆ. ಎರಡು ಕಾಲಂ: ಒಂದರ ತಲೆಯಲ್ಲಿ ‘ವಾಸ್ತವಾಂಶ’, ಇನ್ನೊಂದರ ತಲೆಯಲ್ಲಿ ‘ಅಭಿಪ್ರಾಯ’. ಕೆಳಗಿನ ವಾಕ್ಯಗಳನ್ನು ವಿಂಗಡಿಸಿ. ಇದು ಸಾಲದು ಎಂದಷ್ಟೇ ಅಲ್ಲ, ಇಷ್ಟಕ್ಕೇ ನಿಲ್ಲಿಸಿದರೆ ಕೆಡುಕೂ ಆಗುತ್ತದೆ ಎಂದು ನನಗೆ ಅನಿಸುತ್ತದೆ.

ಮೊದಲನೆಯ ತೊಡಕು: ಮಕ್ಕಳು ‘ವಾಸ್ತವಾಂಶ’ ಎಂದರೆ ನಿಜ ಎಂದು ತಿಳಿಯುತ್ತಾರೆ. ಏಷ್ಯಾದಲ್ಲೇ ಮೊದಲು ವಿದ್ಯುತ್ ಬೀದಿದೀಪ ಕಂಡ ಊರು ಬೆಂಗಳೂರು ಎಂದು ನಾನೇ ಎಷ್ಟೋ ವರ್ಷ ಹೆಮ್ಮೆಯಿಂದ ಪಾಠ ಮಾಡಿದ್ದೇನೆ. 1905ರಲ್ಲಿ, ಈಗಿನ ಕೆ.ಆರ್. ಮಾರುಕಟ್ಟೆಯ ಸುತ್ತ, ಶಿವನಸಮುದ್ರದಿಂದ ಬಂದ ವಿದ್ಯುತ್ತಿನಿಂದ ದೀಪ ಬೆಳಗಿದ್ದು ಸತ್ಯ. ಆದರೆ ಶಾಂಘೈ ಮತ್ತು ಟೋಕಿಯೊದ ಬೀದಿಗಳಲ್ಲಿ ವಿದ್ಯುತ್ ದೀಪ ಉರಿದದ್ದು 1882ರಲ್ಲಿ. ‘ಏಷ್ಯಾದಲ್ಲೇ ಮೊದಲು’ ಎಂಬುದು ಅಭಿಪ್ರಾಯವಲ್ಲ, ಪರೀಕ್ಷಿಸಬಹುದಾದ ಹೇಳಿಕೆ. ಪರೀಕ್ಷಿಸಿದರೆ ತಪ್ಪೆಂದು ಗೊತ್ತಾಗುತ್ತದೆ. ಇದನ್ನು ಯಾವ ಕಾಲಂಗೆ ಹಾಕಬೇಕು? ವಾಸ್ತವಾಂಶದ ಕಾಲಂಗೆ ಹಾಕಿದರೆ ಮಗು ಅದನ್ನು ನಿಜವೆಂದು ಮನೆಗೆ ಒಯ್ಯುತ್ತದೆ. ಅಭಿಪ್ರಾಯದ ಕಾಲಂಗೆ ಹಾಕಿದರೆ, ತಪ್ಪಿದ ಮಾತಿಗೆಲ್ಲ ಅಭಿಪ್ರಾಯವೆಂದು ಹೆಸರಿಟ್ಟಂತಾಗುತ್ತದೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2018ರಲ್ಲಿ ಐದು ಸಾವಿರಕ್ಕೂ ಹೆಚ್ಚು ವಯಸ್ಕರಿಗೆ ಐದು ಸಂಗತಿಯ ವಾಕ್ಯ, ಐದು ಅಭಿಪ್ರಾಯದ ವಾಕ್ಯ ಕೊಟ್ಟು ಗುರುತಿಸಲು ಹೇಳಿತ್ತು. ಸಂಗತಿಯ ಐದನ್ನೂ ಸರಿಯಾಗಿ ಗುರುತಿಸಿದವರು ಶೇ 26, ಅಭಿಪ್ರಾಯದ ಐದನ್ನೂ ಗುರುತಿಸಿದವರು ಶೇ 35. ಅದೇ ವರ್ಷ ಹಲವು ದೇಶಗಳ ಶಾಲಾಮಕ್ಕಳಿಗೆ ನಡೆದ ಪೀಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ, ಬರಹದೊಳಗಿನ ಸೂಕ್ಷ್ಮ ಸುಳಿವುಗಳಿಂದ ಸಂಗತಿ ಯಾವುದು, ಅಭಿಪ್ರಾಯ ಯಾವುದು ಎಂದು ಬೇರ್ಪಡಿಸಬಲ್ಲ ಹದಿನೈದರ ಮಕ್ಕಳು ಶ್ರೀಮಂತ ದೇಶಗಳಲ್ಲೂ ಹತ್ತಕ್ಕೆ ಒಬ್ಬರಿಗಿಂತ ಕಡಿಮೆ. ಭಾರತ ಆ ವರ್ಷ ಆ ಪರೀಕ್ಷೆ ಬರೆದಿರಲಿಲ್ಲ. ಇದನ್ನು ಹೇಳಿದ್ದು ನಮ್ಮ ಮಕ್ಕಳು ದಡ್ಡರು ಎನ್ನುವ ಹಳೆಯ ರಾಗ ಹಾಡುವುದಕ್ಕಲ್ಲ. ಕೆಲಸ ಎಲ್ಲರಿಗೂ ಕಷ್ಟ, ಎರಡು ಕಾಲಂ ಎಳೆದರೆ ಮುಗಿಯುವಂಥದ್ದಲ್ಲ.

ಎರಡನೆಯ ತೊಡಕು ಇದಕ್ಕಿಂತ ಆಳದ್ದು. ಒಮ್ಮೆ ಆ ಅಭ್ಯಾಸದಲ್ಲಿ ‘ಅಸ್ಪೃಶ್ಯತೆ ಅಮಾನವೀಯ’ ಎಂಬ ವಾಕ್ಯವಿತ್ತು. ಹುಡುಗಿಯೊಬ್ಬಳು ಅದನ್ನು ಅಭಿಪ್ರಾಯದ ಕೆಳಗೆ ಬರೆದಳು. ಅಭ್ಯಾಸದ ನಿಯಮದ ಪ್ರಕಾರ ಅದು ಸರಿಯುತ್ತರ. ಆಗ ಇನ್ನೊಬ್ಬ ಹುಡುಗ ಕೇಳಿದ: “ಅಭಿಪ್ರಾಯ ಎಂದರೆ ಒಪ್ಪದೆಯೂ ಇರಬಹುದಲ್ಲವೇ ಮಿಸ್?” ಅವನು ತುಂಟತನಕ್ಕೆ ಕೇಳಿರಲಿಲ್ಲ. ಹಿಂದಿನ ವಾರ ನಾನೇ ‘ಅಭಿಪ್ರಾಯ ಅವರವರದು, ಅದರಲ್ಲಿ ಸರಿ ತಪ್ಪು ಇಲ್ಲ’ ಎಂದು ಬರೆಸಿದ್ದೆ. ಆ ತರಗತಿಯಲ್ಲಿ, ಊರ ಹೋಟೆಲಿನ ಹೊರಗೆ ಬೇರೆ ಲೋಟದಲ್ಲಿ ಚಹಾ ಕುಡಿದ ಅಜ್ಜಂದಿರ ಮೊಮ್ಮಕ್ಕಳು ಕುಳಿತಿದ್ದರು. ಅವರ ಮುಖ ನೋಡಲು ನನ್ನಿಂದಾಗಲಿಲ್ಲ. ಗಂಟೆ ಹೊಡೆಯಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಹಲಗೆಯ ಮೇಲೆ ನಾಲ್ಕು ವಾಕ್ಯ ಬರೆದೆ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿದೆ. ನಮ್ಮ ಅಜ್ಜನಿಗೆ ಬೇರೆ ಲೋಟದಲ್ಲಿ ಚಹಾ ಕೊಡುತ್ತಿದ್ದರು. ಹಾಗೆ ಕೊಡುವುದು ಅಮಾನವೀಯ. ನನಗೆ ಕಾಫಿಗಿಂತ ಚಹಾ ಇಷ್ಟ. ಮೊದಲನೆಯದನ್ನು ಪುಸ್ತಕ ತೆರೆದು ನೋಡಬಹುದು. ಎರಡನೆಯದನ್ನು ಅಜ್ಜನ ಬಾಯಿಂದ ಕೇಳಬಹುದು, ಅದೇ ಊರಿನ ಇನ್ನೂ ನಾಲ್ವರನ್ನು ಕೇಳಿ ತಾಳೆ ನೋಡಬಹುದು. ನಾಲ್ಕನೆಯದು ರುಚಿ, ಅಲ್ಲಿ ವಾದಕ್ಕೆ ಕೆಲಸವಿಲ್ಲ. ಮೂರನೆಯದು? ಅದು ರುಚಿಯಂತೆ ಅವರವರಿಗೆ ಬಿಟ್ಟದ್ದೇ? ಆ ಇಡೀ ಪೀರಿಯಡ್ಡು ಮೂರನೆಯ ವಾಕ್ಯಕ್ಕೇ ಹೋಯಿತು. ಅದು ತೀರ್ಪು. ತೀರ್ಪಿಗೆ ಕಾರಣ ಬೇಕು, ಕಾರಣಗಳನ್ನು ತೂಗಬಹುದು, ಒಂದು ಕಾರಣ ಇನ್ನೊಂದಕ್ಕಿಂತ ಗಟ್ಟಿ ಎಂದು ತೋರಿಸಬಹುದು. ಅಲ್ಲೂ ಸರಿ ಇದೆ, ತಪ್ಪಿದೆ. ನಮ್ಮ ಆಡುನುಡಿಗೆ ಈ ವಿವೇಕ ಇದೆ: ಇಷ್ಟ ಬೇರೆ, ಅನಿಸಿಕೆ ಬೇರೆ, ನಿಲುವು ಬೇರೆ, ತೀರ್ಪು ಬೇರೆ. ಎಲ್ಲವನ್ನೂ ‘ಅಭಿಪ್ರಾಯ’ ಎಂಬ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿದವರು ನಾವು. ಅಂದಿನಿಂದ ‘ಅಭಿಪ್ರಾಯದಲ್ಲಿ ಸರಿ ತಪ್ಪು ಇಲ್ಲ’ ಎಂಬ ಸಾಲನ್ನು ಯಾರಿಗೂ ಬರೆಸಿಲ್ಲ. ನೀವೂ ಬರೆಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಇನ್ನೊಂದು ಸಣ್ಣ ಮಾತು. ಅಂಕಿಯ ಪಕ್ಕದಲ್ಲೇ ಅಭಿಪ್ರಾಯ ಅಡಗಿ ಕೂರುತ್ತದೆ. ‘ರಸ್ತೆಗಾಗಿ 400 ಮರಗಳನ್ನು ಕಡಿಯಲಾಗುವುದು’, ‘ಕೇವಲ 400 ಮರಗಳನ್ನು ಕಡಿಯಲಾಗುವುದು’, ‘400 ಮರಗಳ ಮಾರಣಹೋಮ’ ಎಂಬ ಮೂರನ್ನೂ ಬರೆದು, ಯಾವ ಪದ ತೆಗೆದರೆ ಮರಗಳ ಲೆಕ್ಕ ಬದಲಾಗುವುದಿಲ್ಲ ಎಂದು ಕೇಳಿ. ಮಕ್ಕಳು ‘ಕೇವಲ’ವನ್ನು ಹಿಡಿದುಬಿಡುತ್ತಾರೆ. ಆಮೇಲೆ ಪತ್ರಿಕೆಯಲ್ಲಿ, ಜಾಹೀರಾತಿನಲ್ಲಿ, ನಮ್ಮ ಮಾತಿನಲ್ಲೂ ಹಿಡಿಯುತ್ತಾರೆ.

ಈಗ ಬೇಗೂರಿಗೆ ಬರುತ್ತೇನೆ. ಬೆಂಗಳೂರಿಗೆ ಹೆಸರು ಹೇಗೆ ಬಂತು ಎಂದರೆ ಯಾವ ಮಗುವಾದರೂ ವೀರಬಲ್ಲಾಳ, ಕಾಡು, ಹಸಿವು, ಅಜ್ಜಿ ಕೊಟ್ಟ ಬೆಂದ ಕಾಳು ಎಂದು ಒಂದೇ ಉಸಿರಿಗೆ ಹೇಳುತ್ತದೆ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳ ಆಳಿದ್ದು ಹನ್ನೆರಡನೆಯ ಶತಮಾನದ ಕೊನೆ, ಹದಿಮೂರನೆಯ ಶತಮಾನದ ಮೊದಲ ಭಾಗದಲ್ಲಿ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 890ರ ಗಂಗರ ಕಾಲದ ವೀರಗಲ್ಲು ಬೆಂಗಳೂರಿನ ಕಾಳಗದಲ್ಲಿ ಸತ್ತವನನ್ನು ನೆನೆಯುತ್ತದೆ. ಅಂದರೆ ಬಲ್ಲಾಳನಿಗೆ ಹಸಿವಾಗುವುದಕ್ಕೆ ಮುನ್ನೂರು ವರ್ಷ ಮೊದಲೇ ಇಲ್ಲಿ ಬೆಂಗಳೂರು ಎಂಬ ಊರಿತ್ತು.

ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಕಲ್ಲಿನ ಮುಂದೆ ನಿಂತು ಒಬ್ಬ ಹುಡುಗ ಬೇಸರದಿಂದಲೇ ಕೇಳಿದ: “ಹಾಗಾದರೆ ಬೆಂದಕಾಳೂರಿನ ಕತೆ ಸುಳ್ಳೇ ಮಿಸ್?” ಅಜ್ಜಿ ಹೇಳಿದ ಕತೆಯನ್ನು ಕಸಿದುಕೊಂಡ ಹಾಗೆ ಅವನಿಗೆ ಅನಿಸಿತ್ತು. ಕತೆ ಇದೆ, ಜನ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ, ಅದು ಸಂಗತಿಯೇ ಎಂದೆ. ಆದರೆ ಊರಿನ ಹೆಸರು ಆ ಕತೆಯಿಂದ ಬಂತು ಎಂಬ ಮಾತು ಈ ಕಲ್ಲಿನ ಮುಂದೆ ನಿಲ್ಲುವುದಿಲ್ಲ. ಮತ್ತೆ ಹೆಸರು ಎಲ್ಲಿಂದ ಬಂತು? ಬೇಂಗೆ ಮರದಿಂದ ಎನ್ನುವವರಿದ್ದಾರೆ, ಬೆಂಗಾವಲಿನವರ ಊರು ಎನ್ನುವವರಿದ್ದಾರೆ. ಅವು ಆಧಾರ ಕೊಟ್ಟು ಮಾಡಿದ ಊಹೆಗಳು, ‘ಬಂದಿರಬಹುದು’ ಎಂಬಲ್ಲಿಗೆ ನಿಂತಿವೆ. ಹುಡುಗಿಯೊಬ್ಬಳು ಪುಸ್ತಕದಲ್ಲಿ ಹೀಗೆ ಬರೆದುಕೊಂಡಳು: ‘ಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟಳಂತೆ. ಬೇಗೂರಿನಲ್ಲಿ ಕಲ್ಲಿದೆ. ಬೇಂಗೆ ಮರದಿಂದ ಹೆಸರು ಬಂದಿರಬಹುದು.’ ನಾನು ಕೆಂಪು ಪೆನ್ನು ತೆಗೆಯಲಿಲ್ಲ.

ಎಲ್ಲವನ್ನೂ ಹೋಗಿ ಮುಟ್ಟಿ ನೋಡಲಾಗುವುದಿಲ್ಲ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ಎಂದು ಫಲಕ ಹೇಳುತ್ತದೆ. ಬಂಡೆಯ ಮೇಲೆ ಕುಣಿದ ಮಾತ್ರಕ್ಕೆ ಅದರ ವಯಸ್ಸು ಕಾಲಿಗೆ ತಿಳಿಯುವುದಿಲ್ಲ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎನ್ನುವ ಗಾದೆ ನಮ್ಮದು. ಆದರೆ ಬದುಕಿನ ಬಹುಪಾಲು ತಿಳಿವು ಪರರ ಮಾತಿನಿಂದ ಬಂದದ್ದು. ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯದರ್ಶನದವರು ಪ್ರತ್ಯಕ್ಷ, ಅನುಮಾನ, ಉಪಮಾನಗಳ ಜೊತೆಗೆ ಶಬ್ದವನ್ನೂ, ಅಂದರೆ ಪರರ ಮಾತನ್ನೂ, ಪ್ರಮಾಣವೆಂದು, ತಿಳಿವಿನ ದಾರಿಯೆಂದು ಒಪ್ಪಿದರು, ಆದರೆ ಆಪ್ತನ ಶಬ್ದವನ್ನು ಮಾತ್ರ. ಆಪ್ತ ಎಂದರೆ ವಿಷಯವನ್ನು ಬಲ್ಲವನು, ಬಲ್ಲದ್ದನ್ನು ಇದ್ದಂತೆ ಹೇಳಬಯಸುವವನು. ಪ್ರೀತಿಯ ಮಾವ ನಮಗೆ ಆಪ್ತ, ನಿಜ. ಮಕ್ಕಳ ಕಳ್ಳರ ವಿಷಯದಲ್ಲಿ ಆ ಅರ್ಥದ ಆಪ್ತ ಅವನಲ್ಲ. (ತರ್ಕದಲ್ಲಿ ‘ಅನುಮಾನ’ ಎಂದರೆ ಹೊಗೆಯಿಂದ ಬೆಂಕಿಯನ್ನು ತಿಳಿಯುವ ಹಾಗೆ ಸುಳಿವಿನಿಂದ ತಿಳಿಯುವುದು, ಕನ್ನಡದಲ್ಲಿ ಅದು ಸಂಶಯ ಎಂಬ ಅರ್ಥಕ್ಕೆ ತಿರುಗಿತು. ಹೊಗೆ ಕಂಡವನಿಗೆ ಎರಡೂ ಬೇಕು ಎಂದು ನಮ್ಮ ನುಡಿಗೆ ತೋಚಿರಬೇಕು.) ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಹತ್ತು ಇತಿಹಾಸಕಾರರು, ಹತ್ತು ವೃತ್ತಿಪರ ಸುದ್ದಿ ಪರಿಶೀಲಕರು, ಇಪ್ಪತ್ತೈದು ವಿದ್ಯಾರ್ಥಿಗಳ ಮುಂದೆ ಒಂದಿಷ್ಟು ಜಾಲತಾಣಗಳನ್ನು ಇಟ್ಟು ನೋಡಿದರು. ವಿದ್ವಾಂಸರು ಮತ್ತು ವಿದ್ಯಾರ್ಥಿಗಳಲ್ಲಿ ಹಲವರು ಪುಟವನ್ನೇ ಮೇಲಿಂದ ಕೆಳಗೆ ಓದುತ್ತ ಮೋಸಹೋದರು. ಪರಿಶೀಲಕರು ಆ ಪುಟವನ್ನು ಬಿಟ್ಟು ಹೊರಬಂದು, ಇದನ್ನು ನಡೆಸುವವರು ಯಾರು ಎಂದು ಬೇರೆಡೆ ವಿಚಾರಿಸಿದರು. ಹೆಣ್ಣು ಕೊಡುವ ಮುಂಚೆ ನಾವು ಗಂಡಿನ ಮನೆಯಲ್ಲೇ ಕುಳಿತು ಗಂಡಿನ ಗುಣ ಕೇಳುತ್ತೇವೆಯೇ? ನಾಲ್ಕು ಮನೆ ಆಚೆ ಹೋಗಿ ಕೇಳುತ್ತೇವೆ.

ಈ ಕೆಲಸ ನಮ್ಮ ಊರಿಗೆ ಹೊಸದೂ ಅಲ್ಲ. ವೈಜ್ಞಾನಿಕ ಮನೋಭಾವವನ್ನೂ ಪ್ರಶ್ನಿಸುವ ಪ್ರವೃತ್ತಿಯನ್ನೂ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ ಎಂಬ ಮಾತು 1976ರ ತಿದ್ದುಪಡಿಯಿಂದ ಸಂವಿಧಾನದ 51ಎ ವಿಧಿಯೊಳಗೆ ಬಂತು. ಅದೇ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ, ಇದೇ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು ಪವಾಡಗಳನ್ನೂ ‘ಪರೀಕ್ಷಿಸಬಹುದಾದ’ ಇತರ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿ ರಚಿಸಿದರು. ಸಮಿತಿಯ ಹೆಸರಿನಲ್ಲೇ ಇದ್ದ ಆ ‘ಪರೀಕ್ಷಿಸಬಹುದಾದ’ ಎಂಬ ಒಂದು ಪದಕ್ಕಾಗಿ ನನಗೆ ಅವರ ಮೇಲೆ ಅಪಾರ ಗೌರವ. ನಂಬಿಕೆಯನ್ನೆಲ್ಲ ಕಟಕಟೆಗೆ ತರುತ್ತೇನೆ ಎಂದು ಅವರು ಹೇಳಲಿಲ್ಲ. ಯಾವುದನ್ನು ಪರೀಕ್ಷಿಸಬಹುದೋ ಅದನ್ನು ಪರೀಕ್ಷಿಸೋಣ ಎಂದರು.

ನಮ್ಮ ದೊಡ್ಡ ಅಡ್ಡಿ ಮಕ್ಕಳಲ್ಲ, ನಮ್ಮ ಅಂಜಿಕೆ. ಗೈಡಿನಲ್ಲಿರುವ ಉತ್ತರವೇ ಉತ್ತರ, ‘ಕವಿಯ ಆಶಯವೇನು’ ಎಂಬುದಕ್ಕೂ ಎರಡು ಅಂಕದ ಒಂದೇ ಉತ್ತರ. ಮಗು ಬೇರೆಯದನ್ನು ಬರೆದು ಪದ್ಯದಿಂದಲೇ ಸಾಲು ತೆಗೆದು ತೋರಿಸಿದರೆ ಅಂಕ ಕೊಡಿ. ಬೀದಿದೀಪದ ವಿಷಯ ತಿಳಿದ ದಿನ ನಾನು ತರಗತಿಗೆ ಹೋಗಿ, ಇಷ್ಟು ವರ್ಷ ತಪ್ಪು ಹೇಳಿದೆ ಎಂದೆ. ಗೌರವ ಕಡಿಮೆಯಾದೀತು ಎಂಬ ಅಳುಕಿತ್ತು. ಮಕ್ಕಳು ಮಾಡಿದ್ದು ಒಂದೇ: “ಶಾಂಘೈಯ ಇಸವಿ ಎಲ್ಲಿ ಸಿಕ್ಕಿತು ಮಿಸ್?” ಎಂದು ಕೇಳಿದರು.

ಕೊನೆಗೆ ಒಬ್ಬ ಯುವ ಶಿಕ್ಷಕರು ಎದ್ದು ಕೇಳಿದ ಪ್ರಶ್ನೆ: “ಮೇಡಂ, ಪಾಠಗಳನ್ನು ಮುಗಿಸುವುದಕ್ಕೇ ಸಮಯ ಸಾಲುವುದಿಲ್ಲ, ಇದಕ್ಕೆಲ್ಲ ಎಲ್ಲಿಂದ ತರುವುದು?”

ನಿಮ್ಮ ಕಷ್ಟ ನನಗೆ ಗೊತ್ತು, ನಾನೂ ಅದನ್ನೇ ಉಂಡವಳು. ಹಾಜರಿ ಕರೆದ ಮೇಲೆ ಐದು ನಿಮಿಷ ಸಾಕು. ಹಲಗೆಯ ಮೇಲೆ ಒಂದು ವಾಕ್ಯ ಬರೆಯಿರಿ, ವಾರವಿಡೀ ಅದೇ ಇರಲಿ. ಮಕ್ಕಳು ಅದರ ಕೊನೆಗೆ ಸರಿಯಾದ ಬಾಲ ಹುಡುಕಲಿ: ಇದೆಯೇ, ಇದೆಯಂತೆಯೇ, ಇರಬಹುದೇ, ಅನಿಸುತ್ತದೆಯೇ? ನಮ್ಮ ಶಾಲೆಯಲ್ಲಿ ಒಂದು ವಾರ ‘ಶಾಲೆಯ ಮುಂದಿನ ಬಸ್ಸು ಯಾವತ್ತೂ ತಡ’ ಎಂದು ಬರೆದಿದ್ದೆ. ಇಬ್ಬರು ಗಡಿಯಾರ ಹಿಡಿದು ನಿಂತು ಪ್ರತಿದಿನ ಗುರುತು ಹಾಕಿದರು. ಶುಕ್ರವಾರದ ಹೊತ್ತಿಗೆ ‘ಯಾವತ್ತೂ’ ಹೋಗಿ ‘ಹೆಚ್ಚಿನ ದಿನ’ ಆಯಿತು.

ಸೋಮವಾರಕ್ಕೆ ಬೇಕಾದರೆ ಒಂದು ವಾಕ್ಯ ಈಗಲೇ ಕೊಡುತ್ತೇನೆ, ಬರೆದುಕೊಳ್ಳಿ: ‘ನಮ್ಮ ಬಡಾವಣೆಯಲ್ಲಿ ಮೊದಲಿನಷ್ಟು ಗುಬ್ಬಚ್ಚಿಗಳಿಲ್ಲ.’ ಮೊದಲು ಎಂದರೆ ಯಾವಾಗ, ಆಗ ಎಣಿಸಿದವರು ಯಾರು, ಅಜ್ಜಿಯ ನೆನಪಿನಲ್ಲಿ ಎಷ್ಟು, ಇವತ್ತು ಬೆಳಿಗ್ಗೆ ಆರರಿಂದ ಏಳರವರೆಗೆ ಮಾಡಿನ ಮೇಲೆ ಕಂಡದ್ದು ಎಷ್ಟು. ಎಂಟನೆಯ ತರಗತಿಗೆ ಒಂದು ವಾರ ಸಾಲದೆ ಬಂದೀತು.